ಇಂಗ್ಲಿಷ್ ಬರೆಯುವವರಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ

ಅರ್ಥ ನೋಡುವುದಷ್ಟೇ ಉದ್ದೇಶವಾದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಆನ್‌ಲೈನ್ ಆವೃತ್ತಿಗೆ ಹಣ ಕೊಡಬೇಕಾಗಿಲ್ಲ. ಆ ಕೆಲಸಕ್ಕೆ ಸಣ್ಣ ನಿಘಂಟೇ ಸಾಕು. ಆದರೆ ಇಂಗ್ಲಿಷಿನಲ್ಲಿ ಬರೆಯುವವರಿಗೆ, ಇಂಗ್ಲಿಷಿನಿಂದ ಅನುವಾದ ಮಾಡುವವರಿಗೆ ಇದಕ್ಕೆ ಸಾಟಿಯಾದ ಇನ್ನೊಂದು ಆಕರವನ್ನು ನಾನು ಕಂಡಿಲ್ಲ. ಒಂದು ಪದ ಯಾವಾಗ ಬಳಕೆಗೆ ಬಂತು, ಅದರ ಯಾವ ಅರ್ಥ ಯಾವ ಕಾಲದಲ್ಲಿ ಸವೆದುಹೋಯಿತು ಎಂಬುದನ್ನು ಇದು ಇಸವಿ ಸಹಿತ ಉಲ್ಲೇಖಗಳನ್ನು ಸಾಲಾಗಿ ಕೊಟ್ಟು ತೋರಿಸುತ್ತದೆ.

‘ನೈಸ್’ ಎಂಬ ಪದವನ್ನೇ ನೋಡಿ. ಅರಿಯದವನು ಎಂಬ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದ ಇದಕ್ಕೆ ಇಂಗ್ಲಿಷಿನಲ್ಲಿ ಮೊದಲಿದ್ದ ಅರ್ಥ ಪೆದ್ದ ಎಂದು. ಮುಂದೆ ಅದು ಅತಿನಾಜೂಕು, ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥಗಳನ್ನು ಹಾದು, ಹದಿನೆಂಟನೆಯ ಶತಮಾನದ ಹೊತ್ತಿಗೆ ಹಿತವಾದದ್ದು ಎಂಬಲ್ಲಿಗೆ ಬಂದು ನಿಂತಿತು. ಈ ದಾರಿಯನ್ನು ಬಲ್ಲವರು ‘ನೈಸ್ ಡಿಸ್ಟಿಂಕ್ಷನ್’ ಎಂಬುದನ್ನು ‘ಒಳ್ಳೆಯ ವ್ಯತ್ಯಾಸ’ ಎಂದು ಅನುವಾದಿಸದೆ ‘ಸೂಕ್ಷ್ಮ ಭೇದ’ ಎಂದೇ ಬರೆಯುತ್ತಾರೆ. ಸಾಲ ಎಂಬ ಅರ್ಥದ ‘ಡೆಟ್’ (debt) ಪದದಲ್ಲಿ ಯಾರೂ ಉಚ್ಚರಿಸದ ‘ಬಿ’ ಅಕ್ಷರಕ್ಕೂ ಇಲ್ಲಿ ಕಾರಣ ಸಿಗುತ್ತದೆ: ಫ್ರೆಂಚಿನಿಂದ ಬಂದಾಗ ಆ ಅಕ್ಷರ ಇರಲೇ ಇಲ್ಲ, ಲ್ಯಾಟಿನ್ ಮೂಲ ಕಾಣಿಸಲೆಂದು ಅದನ್ನು ಆಮೇಲೆ ಸೇರಿಸಲಾಯಿತು.

ಐತಿಹಾಸಿಕ ಕಥೆ ಬರೆಯುವವರಿಗಂತೂ ಇದು ಅನಿವಾರ್ಯ. ‘ಸೈಂಟಿಸ್ಟ್’ ಎಂಬ ಪದವನ್ನು ಇಂಗ್ಲೆಂಡಿನ ವಿದ್ವಾಂಸ ವಿಲಿಯಂ ಹ್ಯೂವೆಲ್ ರೂಪಿಸಿ, ಅದು 1834ರಲ್ಲಿ ಅಚ್ಚಾಯಿತು. ಆದ್ದರಿಂದ 1780ರಲ್ಲಿ ನಡೆಯುವ ಕಥೆಯ ಪಾತ್ರ ಆ ಪದವನ್ನು ಆಡುವಂತಿಲ್ಲ, ‘ನ್ಯಾಚುರಲ್ ಫಿಲಾಸಫರ್’ ಎನ್ನಬೇಕು. ಇಂತಹ ತಪ್ಪು ಓದುಗನಿಗೆ ಹೆಸರಿಟ್ಟು ಹೇಳಲು ಬಾರದಿದ್ದರೂ ಕಿವಿಗೆ ತಟ್ಟುತ್ತದೆ ಎಂದು ನಾನು ನಂಬಿದ್ದೇನೆ.

ಕೊರತೆಯೂ ಇದೆ. ಮೊದಲ ಆವೃತ್ತಿ 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂತು. 1989ರ ಎರಡನೆಯ ಆವೃತ್ತಿ 20 ಸಂಪುಟಗಳಷ್ಟಾಯಿತು. 2000ದಿಂದ ಆನ್‌ಲೈನಿನಲ್ಲಿ ಪ್ರಕಟವಾಗುತ್ತಿರುವ ಪರಿಷ್ಕರಣೆ ಇನ್ನೂ ಮುಗಿದಿಲ್ಲ. ಹೀಗಾಗಿ ಹೊಸದಾಗಿ ತಿದ್ದಿದ ನಮೂದಿನ ಪಕ್ಕದಲ್ಲೇ ನೂರು ವರ್ಷ ಹಳೆಯ ವಿವರಣೆಯೂ ಇರಬಹುದು. ಅತ್ಯಂತ ಹಳೆಯ ಬಳಕೆಯೆಂದು ಕೊಟ್ಟ ಇಸವಿಯೂ ಈವರೆಗೆ ದೊರೆತ ಪುರಾವೆ ಮಾತ್ರ, ಪದ ಅದಕ್ಕೂ ಮೊದಲೇ ಬಾಯಿಮಾತಿನಲ್ಲಿ ಇದ್ದಿರಬಹುದು. ಆದ್ದರಿಂದ ಇಸವಿಯನ್ನು ನೆಚ್ಚುವ ಮೊದಲು ಆ ನಮೂದು ಯಾವಾಗ ಪರಿಷ್ಕೃತವಾಯಿತು ಎಂಬ ಟಿಪ್ಪಣಿಯನ್ನು ತಪ್ಪದೆ ನೋಡಬೇಕು.