ಸಲೂನ್ ನೋಡಲು ಯಾವ ಊರು: ಟೂಮ್‌ಸ್ಟೋನಾ, ಡಾಡ್ಜ್ ಸಿಟಿನಾ?

ಅಮೆರಿಕದ ಪಶ್ಚಿಮದಲ್ಲಿ ಆಗ ಹೊಸದಾಗಿ ಜನ ನೆಲೆಸುತ್ತಿದ್ದ ಹಳೇ ಗಡಿನಾಡಿನ ಸಲೂನ್ (ಕ್ಷೌರದಂಗಡಿ ಅಲ್ಲ, ಹೆಂಡದಂಗಡಿ) ಹೇಗೆ ನಡೀತಿತ್ತು ಅಂತ ತಿಳೀಬೇಕಾ? ಒಂದೇ ಊರಿಗೆ ಸಮಯವಿದ್ದರೆ ಅರಿಜೋನಾದ ಟೂಮ್‌ಸ್ಟೋನ್‌ಗೇ ಹೋಗಿ.

ಅದು ಆಗ ಬೆಳ್ಳಿ ಗಣಿಯ ಊರು. ಗಣಿಯವರ ದಿನಗೂಲಿ 4 ಡಾಲರ್, ಹಾಗಾಗಿ ಗಣಿ ನಡೆದಷ್ಟು ಕಾಲ ಗಿರಾಕಿಗೆ ಬರವಿಲ್ಲ. 1915ರವರೆಗೆ ಪಾನನಿಷೇಧದ ಭಯವೂ ಇಲ್ಲ. 1882ರ ಬೆಂಕಿಯ ನಂತರ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್ ಸಲೂನ್ ಇವತ್ತಿಗೂ ಅದೇ ಮೂಲೆಯಲ್ಲಿದೆ. ಸಲೂನೂ ಆಗಿದ್ದ ಬರ್ಡ್ ಕೇಜ್ ಥಿಯೇಟರ್ ಒಳಗೆ ತಲೆ ಎತ್ತಿದರೆ ಸಾಲು ಸಾಲು ಪುಟ್ಟ ಬಾಲ್ಕನಿಗಳು, ಗೋಡೆಯಲ್ಲಿ ಗುಂಡಿನ ತೂತುಗಳು. ಮೈ ಜುಮ್ಮೆನ್ನುತ್ತೆ.

ಕಾನ್ಸಾಸ್‌ನ ಡಾಡ್ಜ್ ಸಿಟಿಯಲ್ಲಿ ವ್ಯಾಪಾರ ಬೇರೆ. ಟೆಕ್ಸಾಸ್‌ನಿಂದ ದನ ಹೊಡೆದುಕೊಂಡು ಬರುವವರು ಬೇಸಿಗೆಯಲ್ಲೇ ಜಾಸ್ತಿ. ಅಷ್ಟರಲ್ಲೇ ಸಂಪಾದಿಸಬೇಕು. ರಾಜ್ಯದಲ್ಲಿ 1881ರಿಂದಲೇ ಪಾನನಿಷೇಧ, ಆದರೂ ಇಲ್ಲಿ ಬಾಗಿಲು ಹಾಕಲಿಲ್ಲ! ಲಾಂಗ್ ಬ್ರ್ಯಾಂಚ್ ಸಲೂನ್‌ನ ಪಾಲುದಾರ ಚಾಕ್ ಬೀಸನ್ ತಾನೇ ಪಿಟೀಲು ನುಡಿಸುತ್ತಿದ್ದ. ಕಥೆ ಇಲ್ಲೇ ಚೆನ್ನ, ಒಪ್ಪುತ್ತೇನೆ. ಆದರೆ ಆ ಸಲೂನ್ 1885ರಲ್ಲಿ ಸುಟ್ಟುಹೋಯಿತು. ಈಗ ಬೂಟ್ ಹಿಲ್ ಮ್ಯೂಸಿಯಂನಲ್ಲಿರುವುದು ಅದರ ಪ್ರತಿರೂಪ ಅಷ್ಟೇ.

ಜೊತೆಗೆ ಮಕ್ಕಳಿದ್ದರೆ ಮಾತ್ರ ಡಾಡ್ಜ್ ಸಿಟಿ. ಹಳೇ ಬೀದಿಯ ಅಂಗಡಿಗಳೆಲ್ಲ ಒಂದೇ ಕಡೆ ಸಿಗುತ್ತವೆ.