2,500 ರೂಪಾಯಿಗೆ ಒಂದು ‘ಇಲ್ಲಾ’

ಸೇವೆ: ಮಗುವಿನ ಹೆಸರಿಗೆ ಸಂಖ್ಯಾಶಾಸ್ತ್ರದ ಪ್ರಕಾರ ಇಂಗ್ಲಿಷ್ ಸ್ಪೆಲ್ಲಿಂಗ್ ಹೊಂದಿಸಿಕೊಡುವುದು. ಊರು ಮೈಸೂರು. ಫೀಸು 2,500 ರೂಪಾಯಿ. ನಾನು ಕೊಡುವುದು ಐದಕ್ಕೆ ಎರಡು ಸ್ಟಾರ್. ಅಂಗಡಿಯ ಹೆಸರು ಬರೆಯಲ್ಲ. ಮನುಷ್ಯ ಒಳ್ಳೆಯವರೇ, ಪಾಪ.

ಮಗಳ ಹೆಸರು ಮೊದಲೇ ಗೊತ್ತಾಗಿತ್ತು. ಹುಟ್ಟಿದ್ದು 27ನೇ ತಾರೀಖು, ಕೃತ್ತಿಕಾ ನಕ್ಷತ್ರ. ಪಂಚಾಂಗದಲ್ಲಿ ಅದಕ್ಕೆ ಅ, ಇ, ಉ, ಎ. ಪುಣ್ಯಕ್ಕೆ ಹಸ್ತ ಆಗಲಿಲ್ಲ. ಹಸ್ತಕ್ಕೆ ‘ಪೂ’ ಬಿಟ್ಟರೆ ಉಳಿದದ್ದು ಷ, ಣ, ಠ. ‘ಣ’ದಿಂದ ಶುರುವಾಗುವ ಹೆಸರು ನೀವು ಯಾರಾದರೂ ಕೇಳಿದ್ದೀರಾ? ಮಾವನವರು ‘ಇಳಾ’ ಅಂದರು. ಭೂಮಿ ಅಂತ ಅರ್ಥ, ಪುರಾಣದಲ್ಲಿ ಪುರೂರವನ ತಾಯಿ. ಎಲ್ಲರಿಗೂ ಹಿಡಿಸಿತು. ತೊಟ್ಟಿಲಿಗೆ ಹಾಕಿ, ನಾದಿನಿ ಕಿವಿಯಲ್ಲಿ ಮೂರು ಸಲ ಹೇಳಿದ್ದೂ ಆಯಿತು.

ತಕರಾರು ಹುಟ್ಟಿದ್ದು ಇಂಗ್ಲಿಷಿನಲ್ಲಿ ಬರೆಯುವಾಗ. ನಮ್ಮವರು ‘ಐ, ಎಲ್, ಎ, ಮುಗೀತು’ ಅಂದರು. ಎಲ್ಲಿ ಮುಗೀತು? ಲಸಿಕೆ ಹಾಕಿಸಲು ಹೋದಾಗ ನಾನು ಹೆಸರನ್ನು ಮೊಬೈಲಿನಲ್ಲಿ ಬರೆದು ತೋರಿಸಿದೆ. ದೊಡ್ಡ ಐ, ಚಿಕ್ಕ ಎಲ್ ಎರಡೂ ಪರದೆ ಮೇಲೆ ಒಂದೇ ಥರದ ನಿಂತ ಗೀಟು. ಅಲ್ಲಿದ್ದ ಹುಡುಗಿ ಎಲ್, ಎಲ್, ಎ ಅಂತ ಟೈಪ್ ಮಾಡಿದಳು. ಅಲ್ಲಿಯವರೆಗೂ ‘ಬೇಬಿ ಆಫ್ ಸೌಮ್ಯ’ ಆಗಿದ್ದವಳು ಅವತ್ತು ‘ಲ್ಲಾ’ ಆದಳು.

ನನಗೆ ಈ ವಿಷಯದಲ್ಲಿ ಭಯ ಜಾಸ್ತಿ. ನನ್ನ ಅಂಕಪಟ್ಟಿಯಲ್ಲಿ ಸೌಮ್ಯ ಓ-ಡಬ್ಲ್ಯೂ, ಗೌಡ ಅಂತ ಬರೀತೀವಲ್ಲ, ಹಾಗೆ. ಪ್ಯಾನ್ ಕಾರ್ಡಿನಲ್ಲಿ ಓ-ಯು. ಆಧಾರ್ ಜೊತೆ ಜೋಡಿಸುವಾಗ ಆ ಒಂದಕ್ಷರಕ್ಕೆ ಎರಡು ತಿಂಗಳು ಅಲೆದಿದ್ದೇನೆ. ಈಗಂತೂ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ತಾರೀಖಿನ ದಾಖಲೆ ಅಂದರೆ ಜನನ ಪ್ರಮಾಣಪತ್ರವೇ. ಹಾಗಾಗಿ ಅತ್ತೆ ‘ಒಂದ್ಸಲ ತೋರಿಸ್ಕೊಂಡು ಬನ್ನಿ’ ಅಂದಾಗ ನಾನು ಬೇಡ ಅನ್ನಲಿಲ್ಲ.

ಅಂಗಡಿ ಚೊಕ್ಕಟವಾಗಿತ್ತು. ಹೇಳಿದ ಟೈಮಿಗೆ ಒಳಗೆ ಕರೆದರು. ಒಂದು ಸ್ಟಾರ್ ಅದಕ್ಕೇ. ಲ್ಯಾಮಿನೇಟ್ ಮಾಡಿದ ಪಟ್ಟಿ ಮುಂದಿಟ್ಟು ತಾಳ್ಮೆಯಿಂದ ಬಿಡಿಸಿ ಹೇಳಿದರು. ಐಗೆ 1, ಎಲ್‌ಗೆ 3, ಎಗೆ 1. ಒಟ್ಟು 5. ಪಟ್ಟಿಯಲ್ಲಿ ಯಾವ ಅಕ್ಷರಕ್ಕೂ 9 ಇಲ್ಲ. ಆದರೆ ಮಗು ಹುಟ್ಟಿದ್ದು 27, ಅಂದರೆ 9. ‘ಹೆಸರೂ 9ಕ್ಕೆ ಬಂದರೆ ತುಂಬಾ ಒಳ್ಳೇದಮ್ಮ’ ಅಂದರು. ಕ್ಯಾಲ್ಕುಲೇಟರ್ ಒತ್ತಿ, ಚೀಟಿ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು. ಇನ್ನೊಂದು ಎಲ್, ಇನ್ನೊಂದು ಎ.

ಓದಿದೆ. ಇಲ್ಲಾ.

‘ಸರ್, ಇದು ಇಲ್ಲಾ ಅಂತ ಆಗಲ್ವಾ?’ ಅಂದೆ. ‘ಕರೆಯೋದು ಹೇಗೆ ಬೇಕಾದ್ರೂ ಕರೀರಿ, ಬರೆಯೋದು ಮುಖ್ಯ’ ಅಂದರು. ನಮ್ಮವರು ನೆಲ ನೋಡುತ್ತಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು. ಶಾಲೆಯಲ್ಲಿ ಹಾಜರಿ ಕೂಗುವಾಗ ಮೇಷ್ಟ್ರು ‘ಇಲ್ಲಾ’ ಅನ್ನುತ್ತಾರೆ, ಇವಳು ಎದ್ದು ನಿಂತು ‘ಇದ್ದೀನಿ ಸರ್’ ಅನ್ನಬೇಕು.

ರಾತ್ರಿ ಮಗು ಮಲಗಿದ ಮೇಲೆ ಸುಮ್ನೆ ಒಂದು ಪುಕ್ಕಟೆ ಆ್ಯಪ್‌ನಲ್ಲಿ ಅದೇ ಸ್ಪೆಲ್ಲಿಂಗ್ ಹಾಕಿ ನೋಡಿದೆ. 9 ಬರಲಿಲ್ಲ, 8 ಬಂತು. ಈ ಶಾಸ್ತ್ರ ನಂಬುವವರಿಗೆ 8 ಅಂದರೆ ಶನಿ! ಬೆಳಗ್ಗೆ ಫೋನ್ ಮಾಡಿದೆ. ‘ಅದು ಪೈಥಾಗರಸ್ ಲೆಕ್ಕ, ನಮ್ಮದು ಕ್ಯಾಲ್ಡಿಯನ್’ ಅಂದರು. ಅಲ್ಲಿ ಐಗೆ 9 ಅಂತೆ, ಇವರಲ್ಲಿ 1. ಒಂದೇ ಹೆಸರು ಒಂದು ಪಟ್ಟಿಯಲ್ಲಿ ಶುಭ, ಇನ್ನೊಂದರಲ್ಲಿ ಶನಿ. ನಂಬುವವರ ನಂಬಿಕೆ ಅವರಿಗೆ. ನನ್ನ ದೂರು ಅದಲ್ಲ. 2,500 ರೂಪಾಯಿ ತೆಗೆದುಕೊಳ್ಳುವವರು ಬರೆದದ್ದನ್ನು ಒಂದು ಸಲ ಬಾಯಿ ಬಿಟ್ಟು ಓದಬೇಕಿತ್ತು, ಅಲ್ವಾ? ಬೇರೆ ಸ್ಪೆಲ್ಲಿಂಗ್ ಕೇಳಿದ್ದಕ್ಕೆ ಮತ್ತೆ 500 ಅಂದರು. ಬೇಡ ಅಂದೆ.

ಕೊನೆಗೆ ಐ, ಎಲ್, ಎ ಅಂತಲೇ ಇರಲಿ ಅಂತಾಯಿತು. ಎಲ್ಲ ಕಡೆ ದೊಡ್ಡಕ್ಷರದಲ್ಲೇ ಬರೆಯುವುದು, ಗೀಟಿನ ಗೊಂದಲ ಇರಲ್ಲ. ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಮೂರನೇ ತಿಂಗಳಿಗೇ ಅರ್ಜಿ ಕೊಟ್ಟೆವು. ಪ್ರಮಾಣಪತ್ರ ಬಂತು. ಇಂಗ್ಲಿಷ್ ಸಾಲನ್ನು ನಾವಿಬ್ಬರೂ ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದೆವು. ಸರಿ ಇತ್ತು. ಮಾವನವರು ಕನ್ನಡಕ ಹಾಕಿಕೊಂಡು ಕನ್ನಡದ ಸಾಲು ಓದಿದರು.

‘ಇದ್ಯಾವುದಮ್ಮ, ಇಲಾ?’

ಳ ಹೋಗಿ ಲ ಆಗಿತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಎಲ್ ತಾನೇ, ನೋಡಿ ಟೈಪ್ ಮಾಡಿದವರಿಗೆ ಹೇಗೆ ಗೊತ್ತಾಗಬೇಕು? ಉತ್ತರದವರು ಇಲಾ ಅಂತಲೇ ಬರೀತಾರೆ, ತಪ್ಪೇನಲ್ಲ. ಆದರೆ ನಮ್ಮ ಇಳೆಯಲ್ಲಿ ಇರುವುದು ಳ. ಕೊನೆಗೊಂದು ಇಕಾರ ಬಿದ್ದರೆ ಇವಳು ಇಲಿ! ಅರ್ಜಿಯ ನಕಲು ತೆಗೆದು ನೋಡಿದರೆ, ಕನ್ನಡದ ಜಾಗ ನಾವೇ ಖಾಲಿ ಬಿಟ್ಟಿದ್ದೆವು. ಇಂಗ್ಲಿಷ್ ಸ್ಪೆಲ್ಲಿಂಗಿಗೆ ಅಷ್ಟೆಲ್ಲ ಬಡಿದಾಡಿ, ಕನ್ನಡದಲ್ಲಿ ಬರೆದುಕೊಡಬೇಕು ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕೌಂಟರಿನಲ್ಲಿ ಕೇಳಿದ್ದಕ್ಕೆ ‘ಇಂಗ್ಲಿಷಲ್ಲಿ ಸರಿ ಇದ್ಯಲ್ಲ ಮೇಡಂ, ಬಿಡಿ’ ಅಂದರು. ಬಿಡಲಿಲ್ಲ. ಅಫಿಡವಿಟ್ ತನ್ನಿ ಅಂದರು.

ಇಲ್ಲಿ ಇನ್ನೊಂದು ಸೇವೆಯ ರಿವ್ಯೂ ಸೇರಿಸುತ್ತೇನೆ. ಆಫೀಸಿನ ಎದುರು ಮರದ ಕೆಳಗೆ ಮೇಜು ಹಾಕಿಕೊಂಡಿರುವ ಟೈಪಿಸ್ಟ್ ಯಜಮಾನರು. ವಯಸ್ಸು ಅರವತ್ತು ದಾಟಿರಬೇಕು. ಮಗು ಹೆಸರು ಕೇಳಿದರು.

‘ಇಳಾ.’

‘ಯಾವ ಳ? ಬಾಳೆಹಣ್ಣಿಂದಾ?’

‘ಹೂಂ, ಅದೇ.’

ಟೈಪ್ ಮಾಡಿ, ಪ್ರಿಂಟ್ ತೆಗೆಯುವ ಮುಂಚೆ ಪರದೆ ನನ್ನ ಕಡೆ ತಿರುಗಿಸಿ, ಹೆಸರನ್ನು ಗಟ್ಟಿಯಾಗಿ ಓದಿದರು. ಮಗು ನನ್ನ ಹೆಗಲ ಮೇಲಿಂದ ತಿರುಗಿ ಅವರನ್ನೇ ನೋಡಿತು. ಛಾಪಾ ಕಾಗದದ ದುಡ್ಡು ಬಿಟ್ಟು 150 ರೂಪಾಯಿ. ಐದಕ್ಕೆ ಐದು ಸ್ಟಾರ್. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ಊಟಕ್ಕೆ ಹೋಗಿರುತ್ತಾರೆ, ಆ ಹೊತ್ತಿಗೆ ಹೋಗಬೇಡಿ.