ಹಿಟ್ಟು ಮನೆಯದು, ಚಪಾತಿ ಕಾಕುವಿನದು

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಗಂಡ ಹೆಂಡತಿ ಇಬ್ಬರೂ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುವ ಮನೆ ನಮ್ಮದು. ಬೆಳಿಗ್ಗೆ ಏಳಕ್ಕೆ ಹೊರಟರೆ ವಾಪಸ್ ಬರೋದು ರಾತ್ರಿ ಎಂಟಕ್ಕೆ. ಜೊತೆಗೆ ಅತ್ತೆ, ಇಬ್ಬರು ಮಕ್ಕಳು. ಹಾಗಾಗಿ ಪ್ಯಾಕೆಟ್ ಹಿಟ್ಟು, ಇನ್‌ಸ್ಟಂಟ್ ಮಿಕ್ಸ್, ಬಿಸಿ ಮಾಡಿ ತಿನ್ನುವ ಪೌಚು, ಚಪಾತಿ ಪಲ್ಯ ಮಾಡಿ ಮಾರುವ ಪೋಳಿ-ಭಾಜಿ ಕೇಂದ್ರ ಎಲ್ಲವನ್ನೂ ಮನೆ ಅಡುಗೆಯ ಪಕ್ಕದಲ್ಲಿಟ್ಟು ನೋಡಿದ್ದೇವೆ. ನನಗೆ ಖಚಿತವಾಗಿರೋದು ಇಷ್ಟು: ಕೈಕೆಲಸವನ್ನು ದುಡ್ಡು ಕೊಟ್ಟು ತರಬಹುದು, ಒಗ್ಗರಣೆ ಮಸಾಲೆ ಮಾತ್ರ ಮನೆಯದೇ ಇರಬೇಕು.

ಮೊದಲು ಇಡ್ಲಿ ಹಿಟ್ಟು. ಪ್ಯಾಕೆಟ್ ಹಿಟ್ಟಿನಲ್ಲಿ ದೋಸೆ ಚೆನ್ನಾಗಿಯೇ ಬರುತ್ತದೆ, ಕೆಂಪಗೆ ಗರಿಗರಿ. ಇಡ್ಲಿಯಲ್ಲಿ ಬಣ್ಣ ಬಯಲಾಗುತ್ತದೆ. ಅಂಗಡಿ ಫ್ರಿಜ್ಜಿನಲ್ಲೂ ಹಿಟ್ಟು ಹುಳಿಯಾಗುತ್ತಲೇ ಇರುತ್ತದೆ. ಪ್ಯಾಕೆಟ್ ಬಲೂನಿನ ಹಾಗೆ ಉಬ್ಬಿದ್ದರೆ ಒಳಗೆ ಗಾಳಿ ತುಂಬಿದೆ, ಹುಳಿ ಜಾಸ್ತಿಯಾಗಿದೆ ಅಂತಲೇ ಅರ್ಥ. ಅದನ್ನು ಇಡ್ಲಿಗೆ ತರಬೇಡಿ.

ಮನೆಯಲ್ಲಿ ನಾನು ಒಂದು ಲೋಟ ಉದ್ದಿಗೆ ಮೂರು ಲೋಟ ಅಕ್ಕಿ ಹಾಕುತ್ತೇನೆ. ಶನಿವಾರ ಬೆಳಿಗ್ಗೆ ನೆನೆಸಿ, ಸಂಜೆ ರುಬ್ಬಿದರೆ ಬುಧವಾರದವರೆಗೆ ಚಿಂತೆಯಿಲ್ಲ. ಮುಂಬೈ ಕಡೆಯ ಸೆಕೆಗೆ ಹಿಟ್ಟು ಬೇಗ ಉಬ್ಬುತ್ತದೆ. ಮೇ ತಿಂಗಳಲ್ಲಂತೂ ರಾತ್ರಿ ಹೊರಗಿಟ್ಟರೆ ಬೆಳಗಾಗುವ ಮೊದಲೇ ಉಕ್ಕಿ ಚೆಲ್ಲುತ್ತದೆ. ಅದಕ್ಕೇ ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಉಬ್ಬಿದ ಕೂಡಲೇ ಫ್ರಿಜ್ಜಿಗೆ ಇಡಬೇಕು. ಮೊದಲೆರಡು ದಿನ ಇಡ್ಲಿ, ಆಮೇಲೆ ದೋಸೆ, ತಳದಲ್ಲಿ ಉಳಿದಿದ್ದಕ್ಕೆ ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಪಡ್ಡು. ಮಕ್ಕಳು ಕಾಯೋದು ಆ ಪಡ್ಡಿಗೇ! ಗ್ರೈಂಡರ್ ಮುಂದೆ ನಾವು ನಿಲ್ಲಬೇಕಾಗಿಲ್ಲ, ಅದರ ಪಾಡಿಗೆ ಅದು ತಿರುಗುತ್ತದೆ. ಖರ್ಚೂ ಪ್ಯಾಕೆಟ್ಟಿಗಿಂತ ಕಡಿಮೆ. ಇಲ್ಲಿ ಗೆಲುವು ಮನೆಯದೇ.

ರವೆ ಇಡ್ಲಿ ಮಿಕ್ಸ್ ಬೇರೆಯೇ ಮಾತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು ಅನ್ನುತ್ತಾರೆ. ಅಂದರೆ ಅವಸರಕ್ಕೆ ಹುಟ್ಟಿದ ತಿಂಡಿಯೇ ಅಲ್ವಾ? ಮೊಸರು ಬೆರೆಸಿ, ಸೋಡಾ ನೊರೆ ಇಳಿಯುವ ಮೊದಲು ತಟ್ಟೆಗೆ ಹಾಕಿದರೆ ಚೆನ್ನಾಗಿ ಬರುತ್ತದೆ. ಬಿಸಿಬಿಸಿ ತಿನ್ನಬೇಕು ಅಷ್ಟೆ. ಡಬ್ಬಿಗೆ ಹಾಕಿ ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಒಣಗಿ ಗಂಟಲಲ್ಲಿ ಇಳಿಯೋದಿಲ್ಲ.

ಪೌಚಿನ ಬಿಸಿಬೇಳೆಬಾತ್ ಬಗ್ಗೆ ಅತ್ತೆಗೆ ಅನುಮಾನ. "ಅಷ್ಟು ತಿಂಗಳು ಕೆಡೋದಿಲ್ಲ ಅಂದ್ರೆ ಏನೋ ಹಾಕಿರ್ತಾರೆ ಬಿಡು" ಅನ್ನುತ್ತಾರೆ. ಹಾಗೇನಿಲ್ಲ. ಸೀಲ್ ಮಾಡಿದ ಪೌಚನ್ನೇ ಒತ್ತಡದಲ್ಲಿ 120 ಡಿಗ್ರಿ ಆಸುಪಾಸು ಬೇಯಿಸುತ್ತಾರೆ, ಅದಕ್ಕೇ ಅದು ಕೆಡದೆ ಉಳಿಯುತ್ತದೆ. ನನ್ನ ತಕರಾರು ಉಪ್ಪಿನದು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸೋಡಿಯಂ 2,000 ಮಿಲಿಗ್ರಾಂ ಒಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೌಚಿನ ಹಿಂದೆ ಬರೆದಿರೋದು 100 ಗ್ರಾಂ ಲೆಕ್ಕ, ಒಳಗಿರೋದು ಸಾಮಾನ್ಯವಾಗಿ 300 ಗ್ರಾಂ. ಮೂರರಿಂದ ಗುಣಿಸಿ ನೋಡಿ. ಬಿಪಿ ಇರುವ ಅತ್ತೆಗೆ ನಾನಂತೂ ಬಡಿಸೋದಿಲ್ಲ. ಇನ್ನು ಐದು ಜನರಿಗೆ ಎಷ್ಟು ಪೌಚು ಒಡೆಯಬೇಕು ಹೇಳಿ! ಸಾರಿನ ಪುಡಿ ಡಬ್ಬಿಯಲ್ಲಿದ್ದರೆ, ಕುಕ್ಕರ್ ಕೂಗಿದ ಮೇಲೆ ಸಾರು ಕುದಿಸಿ ಒಗ್ಗರಣೆ ಹಾಕೋಕೆ ಹತ್ತು ನಿಮಿಷ ಸಾಕು.

ಚಪಾತಿಯಲ್ಲಿ ಮಾತ್ರ ನಾನು ಹಿಂದೆಮುಂದೆ ನೋಡದೆ ಹೊರಗಿನ ಪರ. ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲೇ ಪೋಳಿ-ಭಾಜಿ ಕೇಂದ್ರ. ಅಲ್ಲಿನ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಕಣ್ಣೆದುರೇ ಲಟ್ಟಿಸಿ ಬೇಯಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಇದೂ ಒಂದು ಮನೆ ಕೈಯ ಚಪಾತಿಯೇ. ಎಂಟು ಗಂಟೆಗೆ ಬಂದು ಹದಿನೈದು ಚಪಾತಿ ಲಟ್ಟಿಸೋದು ಅಂದರೆ ಸೊಂಟ ಬಿದ್ದುಹೋಗುತ್ತದೆ. ಮನೆಗೆ ಬಂದ ಕೂಡಲೇ ಕಾಗದ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಿ, ಇಲ್ಲದಿದ್ದರೆ ಹಬೆಗೆ ಕೆಳಗಿನ ಚಪಾತಿಗಳು ಒದ್ದೆಯಾಗುತ್ತವೆ. ಅಲ್ಲಿನ ಭಾಜಿಗೆ ಎಣ್ಣೆ ಜಾಸ್ತಿ, ಅದನ್ನು ತರೋದಿಲ್ಲ.

ಪಲ್ಯಕ್ಕೆ ಸ್ಟೇಷನ್ ಹೊರಗೆ ಹೆಚ್ಚಿಟ್ಟ ತರಕಾರಿ ಸಿಗುತ್ತದೆ. ಬೀನ್ಸ್, ತೊಂಡೆಕಾಯಿ ಆದರೆ ತರಬಹುದು, ಚೆನ್ನಾಗಿ ತೊಳೆದು ಅದೇ ರಾತ್ರಿ ಮುಗಿಸಬೇಕು. ಹೆಚ್ಚಿದ ಸೊಪ್ಪು ಮಳೆಗಾಲದಲ್ಲಿ ಬೇಡವೇ ಬೇಡ, ಎಷ್ಟೇ ಹೊತ್ತಾಗಲಿ ಕಟ್ಟನ್ನೇ ತಂದು ಮನೆಯಲ್ಲಿ ಬಿಡಿಸಿ.